ಎಪ್ಪತ್ತರಲ್ಲಿ ಸೊನ್ನೆ: ಇಷ್ಟು ದುಡ್ಡು ಸುರಿದ ಮೆಟ್ಸ್ ಮತ್ತೆ ಪ್ಲೇಆಫ್‌ನಿಂದ ಹೊರಗೆ

ಏಳನೇ ರೈಲು (ಕ್ವೀನ್ಸ್) · 28 ಸೆಪ್ಟೆಂಬರ್ 2025, ರಾತ್ರಿ 9:40

ಟಿವಿ ಆರಿಸಿ ಮೂರು ಗಂಟೆ ಆಯ್ತು. ಊಟ ಸೇರಲಿಲ್ಲ. ಮನೆಯಲ್ಲಿ ಯಾರೂ ನನ್ನ ಹತ್ತಿರ ಮಾತಾಡ್ತಿಲ್ಲ, ನಾನೇ ಹಾಗೆ ಮುಖ ಮಾಡ್ಕೊಂಡು ಕೂತಿದ್ದೀನಿ. ಇಲ್ಲಿ ಬರೆದಾದರೂ ಎದೆ ಹಗುರ ಆಗುತ್ತಾ ನೋಡ್ತೀನಿ.

ನೋಡದೇ ಇದ್ದವರಿಗೆ ಹೇಳ್ತೀನಿ. ಮೆಟ್ಸ್ ಅಂದರೆ ನಮ್ಮ ನ್ಯೂಯಾರ್ಕ್‌ನ ಬೇಸ್‌ಬಾಲ್ ತಂಡ. 162 ಪಂದ್ಯಗಳ ಸೀಸನ್, ಇವತ್ತು ಕೊನೇದು. ಮಯಾಮಿಯಲ್ಲಿ ಮಾರ್ಲಿನ್ಸ್ ಎದುರು. ಪ್ಲೇಆಫ್‌ನ ಕೊನೇ ಜಾಗಕ್ಕೆ ಸಿನ್ಸಿನಾಟಿ ರೆಡ್ಸ್ ಮತ್ತು ನಾವು ಸಮಸಮ ಇದ್ವಿ, ಆದರೆ ಸಮ ಆದರೆ ಅವರಿಗೇ ಜಾಗ, ಯಾಕಂದರೆ ನಮ್ಮಿಬ್ಬರ ನಡುವಿನ ಆರು ಪಂದ್ಯದಲ್ಲಿ ನಾಲ್ಕು ಅವರು ಗೆದ್ದಿದ್ದರು. ಅಂದರೆ ನಾವು ಗೆಲ್ಲಬೇಕು, ಅವರು ಸೋಲಬೇಕು. ಅವರು ಸೋತರು ರೀ! ಮಿಲ್ವಾಕಿಯವರು ನಮ್ಮ ಪಾಲಿನ ಕೆಲಸ ಮಾಡಿಕೊಟ್ಟರು. ನಾವು ಗೆದ್ದಿದ್ದರೆ ಸಾಕಿತ್ತು. 4-0. ಒಂದು ರನ್ ಕೂಡ ಬರಲಿಲ್ಲ.

ಮೂರು ಬೇಸ್‌ನಲ್ಲೂ ನಮ್ಮ ಓಟಗಾರರು ನಿಂತಿದ್ದಾಗ ನಮ್ಮ ಬ್ಯಾಟರ್ ಪೀಟ್ ಅಲೊನ್ಸೊ ಹೊಡೆದ ಚೆಂಡು ಬ್ಯಾಟಿಂದ ಹೊರಟ ಸದ್ದಿಗೇ ನಾನು ಎದ್ದು ನಿಂತಿದ್ದೆ. ನೇರವಾಗಿ ಎಡಗಡೆ ಫೀಲ್ಡರ್ ಕೈಗೆ ಹೋಯ್ತು. ಎರಡು ಅಡಿ ಆಚೆ ಬಿದ್ದಿದ್ದರೆ ಈಗ ನಾನು ಬೇರೆ ಪೋಸ್ಟ್ ಬರೀತಿದ್ದೆ.

ಜೂನ್ 12ಕ್ಕೆ 45 ಗೆಲುವು, 24 ಸೋಲು. ಅವತ್ತು ಇಡೀ ಬೇಸ್‌ಬಾಲ್‌ನಲ್ಲೇ ನಾವು ಮೊದಲು. ಆಮೇಲಿನದು 38 ಗೆಲುವು, 55 ಸೋಲು. ಕೊನೆಗೆ 83-79. ಹುವಾನ್ ಸೋಟೊ ಒಬ್ಬನಿಗೇ 15 ವರ್ಷಕ್ಕೆ 76.5 ಕೋಟಿ ಡಾಲರ್ ಕೊಟ್ಟ ತಂಡ ಇದು. ಸಂಬಳದ ಮೊತ್ತ 30 ಕೋಟಿ ಡಾಲರ್ ದಾಟಿದೆ. ನಮ್ಮನ್ನು ಹಿಂದೆ ಹಾಕಿದ ರೆಡ್ಸ್ ಖರ್ಚು ಅದರ ಅರ್ಧವೂ ಇಲ್ಲ.

ಎಲ್ಲಿ ತಪ್ಪಿತು? ನಿಜವಾಗಿ ಕೇಳ್ತಿದ್ದೀನಿ.

ಎಡಿಸನ್ ಅಮ್ಮ (ನ್ಯೂಜೆರ್ಸಿ) · 28 ಸೆಪ್ಟೆಂಬರ್, ರಾತ್ರಿ 10:15

ನಮ್ಮನೇಲೂ ಇದೇ ಕಥೆ. ಮಗನಿಗೆ ಒಂಬತ್ತು ವರ್ಷ. ಅಲೊನ್ಸೊನ 20ನೇ ನಂಬರ್ ಅಂಗಿ ಹಾಕ್ಕೊಂಡೇ ಮಲಗಿದ್ದಾನೆ. ಬಿಚ್ಚು ಅಂದರೆ "ನಾಳೆ ಒಂದು ದಿನ ಇರಲಿ ಅಮ್ಮ" ಅಂದ. ನಾನು ಈ ಆಟ ಕಲಿತಿದ್ದೇ ಅವನಿಂದ, ಎರಡು ವರ್ಷದ ಹಿಂದೆ. ನನಗೆ ಅರ್ಥ ಆಗದ್ದು ಒಂದೇ: ಸೋಟೊ ಚೆನ್ನಾಗಿ ಆಡಲಿಲ್ಲವಾ? ಲಿಂಡೋರ್ ಆಡಲಿಲ್ಲವಾ? ನಾನು ನೋಡಿದಾಗೆಲ್ಲ ಯಾರೋ ಒಬ್ಬರು ಹೋಮ್ ರನ್ ಹೊಡೀತಾನೇ ಇದ್ದರಲ್ಲ?

ಪಿಚ್ ಲೆಕ್ಕ (ಜರ್ಸಿ ಸಿಟಿ) · 28 ಸೆಪ್ಟೆಂಬರ್, ರಾತ್ರಿ 11:02

ಮೇಡಂ, ನಿಮ್ಮ ಕಣ್ಣು ಸರಿಯಾಗೇ ನೋಡಿದೆ. ಸೋಟೊ 43 ಹೋಮ್ ರನ್, 38 ಬೇಸ್ ಕಳವು (ಹೊಡೆತಕ್ಕೆ ಕಾಯದೆ ಓಡಿ ಮುಂದಿನ ಬೇಸ್ ಸೇರೋದು). ಲಿಂಡೋರ್ 31 ಮತ್ತು 31. ಅಲೊನ್ಸೊ 38 ಹೋಮ್ ರನ್, 126 ರನ್ ತಂದುಕೊಟ್ಟಿದ್ದು, 162ರಲ್ಲಿ 162 ಪಂದ್ಯವೂ ಆಡಿದ್ದಾನೆ. ದೊಡ್ಡ ದುಡ್ಡು ಪಡೆದ ಬ್ಯಾಟರ್‌ಗಳು ದುಡ್ಡಿಗೆ ತಕ್ಕ ಆಟ ಆಡಿದ್ದಾರೆ. ಇದನ್ನು ಮೊದಲು ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ನಾಳೆಯಿಂದ ಎಲ್ಲರೂ ಸೋಟೊನನ್ನೇ ಬೈಯೋಕೆ ಶುರು ಮಾಡ್ತಾರೆ.

ಮುರಿದಿದ್ದು ಪಿಚಿಂಗ್, ಅಂದರೆ ಚೆಂಡು ಎಸೆಯೋ ಕೆಲಸ. ಜೂನ್ 12 ಅಂತ ಏಳನೇ ರೈಲು ಅವರು ಬರೆದರಲ್ಲ, ಆ ದಿನವೇ ನಮ್ಮ ಪಿಚರ್ ಕೊಡೈ ಸೆಂಗಾಗೆ ಪೆಟ್ಟಾಯಿತು. ವಾಷಿಂಗ್ಟನ್ ಎದುರು ಮೊದಲ ಬೇಸ್ ಕಾಯಲು ಓಡಿದ, ಅಲೊನ್ಸೊ ಎಸೆತ ಎತ್ತರಕ್ಕೆ ಬಂತು, ಎಗರಿ ಹಿಡಿದು ಇಳಿಯುವಾಗ ತೊಡೆಯ ಹಿಂದಿನ ಸ್ನಾಯು ಹೋಯ್ತು. ಅಲ್ಲಿಯವರೆಗೆ ಒಂಬತ್ತು ಇನ್ನಿಂಗ್ಸ್‌ಗೆ ಸರಾಸರಿ ಒಂದೂವರೆ ರನ್ ಕೂಡ ಕೊಡದಿದ್ದವನು. ಜುಲೈನಲ್ಲಿ ವಾಪಸ್ ಬಂದ ಸೆಂಗಾ ಬೇರೆಯೇ ಮನುಷ್ಯ. ಸೆಪ್ಟೆಂಬರ್‌ನಲ್ಲಿ ಕೆಳಗಿನ ಲೀಗಿಗೆ ಹೋಗೋಕೆ ಅವನೇ ಒಪ್ಪಿಕೊಂಡ. ಉಳಿದ ಪಿಚರ್‌ಗಳಲ್ಲಿ ಕ್ಯಾನಿಂಗ್‌ಗೆ ಹಿಮ್ಮಡಿ ಸ್ನಾಯು ಹರಿಯಿತು. ಮೆಗಿಲ್‌ಗೆ ಮೊಣಕೈ. ಮನಾಯಾ ಅರ್ಧ ಸೀಸನ್ ಇರಲೇ ಇಲ್ಲ. ಆಲ್‌ಸ್ಟಾರ್ ಆಗಿದ್ದ ಪೀಟರ್ಸನ್ ಕೊನೆಯ ತಿಂಗಳುಗಳಲ್ಲಿ ದಣಿದು ಹೋದ. 3.4 ಕೋಟಿ ಡಾಲರ್‌ಗೆ ತಂದ ಮೊಂಟಾಸ್ ಬಗ್ಗೆ ಏನೂ ಬರೆಯಲಾರೆ.

ಒಂದು ಸೀಸನ್‌ನಲ್ಲಿ 40ಕ್ಕೂ ಹೆಚ್ಚು ಪಿಚರ್‌ಗಳನ್ನು ಬಳಸಿದ್ದೇವೆ. ಗಾಯ ಯಾರ ಕೈಯಲ್ಲೂ ಇಲ್ಲ, ನಿಜ. ಆದರೆ ಹಿಂದೆ ಗಾಯವಾಗಿದ್ದವರನ್ನೇ, ಜಾಗ ಬದಲಿಸಿ ಹೊಸದಾಗಿ ಕಲೀತಿದ್ದವರನ್ನೇ ಕಡಿಮೆ ಬೆಲೆಗೆ ತಂದು ಸಾಲಾಗಿ ನಿಲ್ಲಿಸಿದ್ದು ಆಯ್ಕೆ. ಮನೆಯ ಮುಂಬಾಗಿಲಿಗೆ ತೇಗದ ಮರ, ತೊಲೆಗಳಿಗೆ ಸಿಕ್ಕಿದ ಮರ.

ಚಿನ್ನಸ್ವಾಮಿ ಸ್ಟ್ಯಾಂಡ್ (ಬೆಂಗಳೂರು) · 29 ಸೆಪ್ಟೆಂಬರ್, ಬೆಳಿಗ್ಗೆ

ಇಲ್ಲಿ ನಾನು ಹೊರಗಿನವನು, ಅಕ್ಕ ನ್ಯೂಯಾರ್ಕ್‌ನಲ್ಲಿದ್ದಾಗ ಎರಡು ಪಂದ್ಯ ನೋಡಿದ್ದೆ ಅಷ್ಟೇ. ಒಂದು ಡೌಟು. ಐಪಿಎಲ್‌ನಲ್ಲಿ ಎಲ್ಲ ತಂಡಕ್ಕೂ ಒಂದೇ ಜೇಬು. ಈ ವರ್ಷ ಆಟಗಾರರನ್ನು ಕೊಳ್ಳೋಕೆ 120 ಕೋಟಿ ರೂಪಾಯಿ, ಹರಾಜಿನಲ್ಲಿ ಅದರ ಮೇಲೆ ಒಂದು ಪೈಸೆ ಖರ್ಚು ಮಾಡೋ ಹಾಗಿಲ್ಲ. ನಿಮ್ಮಲ್ಲಿ ಮಿತಿಯೇ ಇಲ್ಲವಾ? ಒಬ್ಬ ಮಾಲೀಕ ಎಷ್ಟು ಬೇಕಾದರೂ ಸುರಿಯಬಹುದಾ?

ಇನ್ನೊಂದು. ನೀವು ಹೇಳ್ತಿರೋ ನೋವು ನನಗೆ ಚೆನ್ನಾಗಿ ಗೊತ್ತು. ಆರ್‌ಸಿಬಿಗೆ 18 ಸೀಸನ್ ಕಾದಿದ್ದೀನಿ. ಕೊಹ್ಲಿ, ಗೇಲ್, ಡಿವಿಲಿಯರ್ಸ್ ಮೂವರೂ ಒಟ್ಟಿಗೆ ಇದ್ದಾಗಲೂ ಕಪ್ ಬರಲಿಲ್ಲ. ಯಾಕೆ ಅಂದರೆ, ಕೊನೆ ಓವರ್‌ಗಳಲ್ಲಿ ಬೌಲಿಂಗ್ ಮಾಡೋಕೆ ಜನ ಇರಲಿಲ್ಲ. ಪಿಚ್ ಲೆಕ್ಕ ಅವರು ಬರೆದಿದ್ದನ್ನು ಓದಿದಾಗ ನಮ್ಮ ಹಳೇ ತಂಡವೇ ಕಣ್ಣ ಮುಂದೆ ಬಂತು.

ಪಿಚ್ ಲೆಕ್ಕ · 29 ಸೆಪ್ಟೆಂಬರ್

ಅಡ್ಡಗೋಡೆ ಇಲ್ಲ, ಆದರೆ ಸುಂಕದ ಕಟ್ಟೆ ಇದೆ. ಈ ವರ್ಷ 24.1 ಕೋಟಿ ಡಾಲರ್ ದಾಟಿದರೆ ತೆರಿಗೆ ಶುರು. ಪ್ರತಿವರ್ಷ ದಾಟುತ್ತಾ ಹೋದರೆ ದರ ಏರುತ್ತೆ. ನಾವು ಸತತವಾಗಿ ದಾಟಿದವರು, ಅದಕ್ಕೇ 30.1 ಕೋಟಿ ಮೇಲಿನ ಪ್ರತಿ ಡಾಲರ್‌ಗೆ 1 ಡಾಲರ್ 10 ಸೆಂಟ್ ತೆರಿಗೆ ಕಟ್ಟಬೇಕು. ಅಂದರೆ ಆ ಮಟ್ಟದಲ್ಲಿ ಒಬ್ಬ ಆಟಗಾರನಿಗೆ 1 ಕೋಟಿ ಕೊಟ್ಟರೆ ಕೈಯಿಂದ ಹೋಗೋದು 2 ಕೋಟಿ 10 ಲಕ್ಷ. ಆ ಮೇಲಿನ ಮೆಟ್ಟಿಲನ್ನು ನಿಯಮದಲ್ಲಿ ಸೇರಿಸಿದಾಗ ಜನ ಅದನ್ನು ನಮ್ಮ ಮಾಲೀಕ ಸ್ಟೀವ್ ಕೊಹೆನ್ ಹೆಸರಲ್ಲೇ ಕರೆದರು. 2023ರಲ್ಲಿ ಬರೀ ತೆರಿಗೆಯೇ ಸುಮಾರು 10 ಕೋಟಿ ಡಾಲರ್ ಕಟ್ಟಿದ್ದಾರೆ. ಆ ವರ್ಷದ ಫಲಿತಾಂಶ 75-87, ಐದು ತಂಡದ ಗುಂಪಿನಲ್ಲಿ ನಾಲ್ಕನೇ ಜಾಗ.

ಏಳನೇ ರೈಲು · 29 ಸೆಪ್ಟೆಂಬರ್

2023 ನೆನಪಿಸಿದ್ರಲ್ಲ. ಶೆರ್ಜರ್ ಮತ್ತು ವರ್ಲಾಂಡರ್, ವರ್ಷಕ್ಕೆ ತಲಾ 4.33 ಕೋಟಿ ಡಾಲರ್, ಬೇಸ್‌ಬಾಲ್‌ನಲ್ಲೇ ಅತಿ ದುಬಾರಿ ಇಬ್ಬರು ಒಂದೇ ತಂಡದಲ್ಲಿ. ಸೀಸನ್ ಶುರುವಾಗೋ ಮೊದಲೇ ಕೊನೇ ಇನ್ನಿಂಗ್ಸ್ ಎಸೆಯೋ ನಮ್ಮ ಪಿಚರ್ ಎಡ್ವಿನ್ ಡಿಯಾಸ್ ಮಂಡಿ ಹೋಯ್ತು, ಅದೂ ಪೋರ್ಟೊರಿಕೊ ಗೆದ್ದ ಖುಷಿಗೆ ಕುಣಿಯುವಾಗ. ಜುಲೈ ಕೊನೆ, ಆಗಸ್ಟ್ ಶುರುವಿನಲ್ಲಿ ಇಬ್ಬರು ದೊಡ್ಡ ಪಿಚರ್‌ಗಳನ್ನೂ ಟೆಕ್ಸಾಸ್‌ನ ಎರಡು ತಂಡಗಳಿಗೆ ಕಳಿಸಿಬಿಟ್ಟರು. ಅವರ ಸಂಬಳದ ದೊಡ್ಡ ಪಾಲು ನಾವೇ ಕಟ್ಟಿದ್ವಿ. ಶೆರ್ಜರ್ ಹೋದ ರೇಂಜರ್ಸ್ ಅದೇ ವರ್ಷ ಬೇಸ್‌ಬಾಲ್‌ನ ದೊಡ್ಡ ಕಪ್ ವರ್ಲ್ಡ್ ಸೀರೀಸ್ ಗೆದ್ದಿತು.

ಅವತ್ತು ನಾನು ಸಮಾಧಾನ ಮಾಡ್ಕೊಂಡಿದ್ದೆ. ಆಟಗಾರರನ್ನು ಆರಿಸೋ ಮುಖ್ಯಸ್ಥರಾಗಿ ಡೇವಿಡ್ ಸ್ಟರ್ನ್ಸ್ ಬರ್ತಾರೆ, ಮಿಲ್ವಾಕಿಯಲ್ಲಿ ಕಡಿಮೆ ದುಡ್ಡಲ್ಲಿ ಪಿಚರ್‌ಗಳನ್ನು ಬೆಳೆಸಿದ ಮನುಷ್ಯ, ಇಲ್ಲಿ ದುಡ್ಡೂ ಇದೆ, ಇನ್ನೇನು ಬೇಕು ಅಂತ. ಎರಡು ಸೀಸನ್ ಆಯ್ತು. ಈ ವರ್ಷ 97 ಪಂದ್ಯ ಗೆದ್ದು ಎಲ್ಲರಿಗಿಂತ ಮೇಲಿರೋದು ಅವರು ಬಿಟ್ಟು ಬಂದ ಮಿಲ್ವಾಕಿ.

ಲಾಂಗ್ ಐಲ್ಯಾಂಡ್ ದಾರಿ · 29 ಸೆಪ್ಟೆಂಬರ್, ಸಂಜೆ

ಬೈಯೋದು ಬೈಯಿರಿ, ಆದರೆ ಮಾಲೀಕನನ್ನು ಬೈಯೋಕೆ ನನಗೆ ಬಾಯಿ ಬರಲ್ಲ. ನಾನು ಹಳೇ ಮಾಲೀಕರ ಕಾಲ ನೋಡಿದವನು. ನಮ್ಮ ಹಳೇ ಆಟಗಾರ ಬಾಬಿ ಬೊನಿಯಾ ವಿಷಯ ಎಷ್ಟು ಜನಕ್ಕೆ ಗೊತ್ತು? 2000ದಲ್ಲಿ ಅವನಿಗೆ ಕೊಡಬೇಕಿದ್ದು 59 ಲಕ್ಷ ಡಾಲರ್. ಆಗಲೇ ಕೊಡದೆ, 8% ಬಡ್ಡಿ ಹಾಕಿ, 2011ರಿಂದ 2035ರವರೆಗೆ ಪ್ರತಿ ಜುಲೈ 1ಕ್ಕೆ ಸುಮಾರು 11.93 ಲಕ್ಷ ಡಾಲರ್ ಕೊಡ್ತೀವಿ ಅಂತ ಬರೆದುಕೊಟ್ಟರು. ಆ ಕಾಲಕ್ಕೆ ಮಾಲೀಕರ ದುಡ್ಡು ಹೂಡಿಕೆ ವ್ಯವಹಾರದ ಬರ್ನಿ ಮೇಡಾಫ್ ಹತ್ತಿರ ಇತ್ತು. ಆ ಮನುಷ್ಯನ ಮೋಸ 2008ರಲ್ಲಿ ಬಯಲಾಯ್ತು. ಆಮೇಲೆ ಎಷ್ಟೋ ವರ್ಷ ನ್ಯೂಯಾರ್ಕ್‌ನಂಥ ಊರಿನ ತಂಡ ಬಡವರ ಮನೆ ಥರ ಕೈ ಬಿಗಿಹಿಡಿದು ನಡೀತು.

ಕೊಹೆನ್ ಇವತ್ತು ಬಹಿರಂಗವಾಗಿ ಕ್ಷಮೆ ಕೇಳಿದ್ದಾರೆ. ನೀವು ನಿಮ್ಮ ಪಾಲಿನ ಕೆಲಸ ಮಾಡಿದಿರಿ, ನಾವು ನಮ್ಮದು ಮಾಡಲಿಲ್ಲ ಅನ್ನೋ ಅರ್ಥದಲ್ಲಿ. ಹಳಬರ ಬಾಯಿಂದ ಇಂಥ ಒಂದು ಮಾತು ಕೇಳೋಕೆ ನಾನು ಎಷ್ಟು ವರ್ಷ ಕಾದಿದ್ದೆ.

ಎಡಿಸನ್ ಅಮ್ಮ · 29 ಸೆಪ್ಟೆಂಬರ್, ರಾತ್ರಿ

ಕ್ಷಮೆ ಕೇಳಿದ್ದು ಒಳ್ಳೇದೇ ರೀ, ನನಗೂ ಮನಸ್ಸಿಗೆ ಹಿತ ಅನ್ನಿಸ್ತು. ಆದರೆ ಈ ವರ್ಷ ಮೆಟ್ಸ್ ಮೈದಾನ ಸಿಟಿ ಫೀಲ್ಡ್‌ಗೆ 30 ಲಕ್ಷಕ್ಕೂ ಹೆಚ್ಚು ಜನ ಹೋಗಿದ್ದಾರೆ. ಮನೆ ಮಂದಿ ನಾಲ್ಕು ಜನ ಹೋಗಿ ಬಂದರೆ ಆ ತಿಂಗಳ ದಿನಸಿ ಖರ್ಚಿನಷ್ಟು ಆಗುತ್ತೆ ನಮಗೆ. ಅದನ್ನು ನಾನು ಯಾರ ಮೇಲೂ ದೂರ್ತಿಲ್ಲ, ಮಗನ ಖುಷಿಗೆ ನಾವೇ ಇಷ್ಟಪಟ್ಟು ಹೋಗ್ತೀವಿ. ದುಡ್ಡು ಹೋದರೆ ನೋವಾಗಲ್ಲ. ಎಂಟನೇ ಇನ್ನಿಂಗ್ಸ್‌ನಲ್ಲಿ ಹಿಂದೆ ಬಿದ್ದಾಗ ಮಗ ತಾನಾಗೇ ಎದ್ದು "ಅಮ್ಮ, ಹೋಗೋಣ, ಇವರು ಇನ್ನು ಗೆಲ್ಲಲ್ಲ" ಅಂದನಲ್ಲ ಆಗಸ್ಟ್‌ನಲ್ಲಿ, ಅದು ನೋವಾಯ್ತು. ಒಂಬತ್ತು ವರ್ಷದ ಹುಡುಗನಿಗೆ ಅದು ಹೇಗೆ ಗೊತ್ತಾಯ್ತು?

ಪಿಚ್ ಲೆಕ್ಕ · 29 ಸೆಪ್ಟೆಂಬರ್, ರಾತ್ರಿ

ಮೇಡಂ, ನಿಮ್ಮ ಮಗ ಹೇಳಿದ್ದು ಅಕ್ಷರಶಃ ಸತ್ಯ. ಈ ಸೀಸನ್‌ನಲ್ಲಿ ಒಂಬತ್ತರಲ್ಲಿ ಎಂಟು ಇನ್ನಿಂಗ್ಸ್ ಮುಗಿದಾಗ ನಾವು ಹಿಂದಿದ್ದ ಪಂದ್ಯಗಳು 70. ಅದರಲ್ಲಿ ಗೆದ್ದಿದ್ದು ಸೊನ್ನೆ.

ಶೇ ಕಾಲದವರು (ಫ್ಲಶಿಂಗ್) · 30 ಸೆಪ್ಟೆಂಬರ್, ಬೆಳಿಗ್ಗೆ

ಎರಡು ದಿನದಿಂದ ಓದುತ್ತಿದ್ದೆ, ಬರೆಯುವುದು ಬೇಡವೆಂದುಕೊಂಡಿದ್ದೆ. ಆ 70ರಲ್ಲಿ ಸೊನ್ನೆ ಎಂಬುದನ್ನು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ.

ನಾನು ಮೈಸೂರಿನಿಂದ ಇಲ್ಲಿಗೆ ಬಂದದ್ದು 1984ರಲ್ಲಿ. ಪರಿಚಯದವರು ಯಾರೂ ಇರಲಿಲ್ಲ. ಭಾನುವಾರ ಬೋನ್ ಸ್ಟ್ರೀಟಿನ ಗಣೇಶ ದೇವಸ್ಥಾನ, ಸಂಜೆ ಮೆಟ್ಸ್‌ನ ಆಗಿನ ಮೈದಾನ ಶೇ ಸ್ಟೇಡಿಯಂ, ಇವೆರಡೇ ನನಗೆ ಗೊತ್ತಿದ್ದ ಜಾಗಗಳು. ಕ್ರಿಕೆಟ್ ಬಲ್ಲವನಿಗೆ ಬೇಸ್‌ಬಾಲ್ ಹತ್ತಲು ಹೆಚ್ಚು ದಿನ ಬೇಕಾಗಲಿಲ್ಲ.

1986ರ ಅಕ್ಟೋಬರ್ 25. ವರ್ಲ್ಡ್ ಸೀರೀಸಿನ ಆರನೆಯ ಪಂದ್ಯ. ಸೋತರೆ ಎಲ್ಲವೂ ಮುಗಿಯಿತು. ಒಂಬತ್ತರಲ್ಲಿ ಸಮವಾಗಿ ಹತ್ತನೆಯ ಇನ್ನಿಂಗ್ಸ್, ಬಾಸ್ಟನ್ 5, ನಾವು 3. ಮೂರರಲ್ಲಿ ಇಬ್ಬರು ಔಟ್, ಬೇಸಿನಲ್ಲಿ ಒಬ್ಬನೂ ಇಲ್ಲ. ಸ್ಕೋರ್‌ಬೋರ್ಡಿನಲ್ಲಿ ಬಾಸ್ಟನ್‌ನ ರೆಡ್ ಸಾಕ್ಸ್ ತಂಡಕ್ಕೆ ಅಭಿನಂದನೆ ಒಂದು ಕ್ಷಣ ಮಿಂಚಿ ಹೋಯಿತು. ಆಗ ಗ್ಯಾರಿ ಕಾರ್ಟರ್ ಒಂದು ಸಿಂಗಲ್, ಅಂದರೆ ಮೊದಲ ಬೇಸ್ ತಲುಪುವಷ್ಟರ ಹೊಡೆತ, ಹೊಡೆದರು. ಕೆವಿನ್ ಮಿಚೆಲ್ ಒಂದು. ರೇ ನೈಟ್ ಒಂದು. ಹೋಮ್ ರನ್ ಅಲ್ಲ, ಬರೀ ಸಿಂಗಲ್‌ಗಳು. ದಿಕ್ಕು ತಪ್ಪಿದ ಒಂದು ಎಸೆತಕ್ಕೆ ಸ್ಕೋರು ಸಮವಾಯಿತು. ಮೂಕಿ ವಿಲ್ಸನ್ ಹೊಡೆದ ಚೆಂಡು ನೆಲದಲ್ಲಿ ಉರುಳುತ್ತಾ ಬಾಸ್ಟನ್ ಫೀಲ್ಡರ್ ಬಿಲ್ ಬಕ್ನರ್ ಕಾಲುಗಳ ನಡುವೆ ಹಾದುಹೋಯಿತು. 6-5. ಏಳನೆಯ ಪಂದ್ಯದಲ್ಲೂ ಮೂರು ರನ್ ಹಿಂದೆ ಬಿದ್ದು ಗೆದ್ದೆವು. ಆಮೇಲೆ ಇವತ್ತಿನವರೆಗೆ ಕಪ್ ಬಂದಿಲ್ಲ.

ನನ್ನ ಬಾಡಿಗೆ ಕೋಣೆಯಲ್ಲಿ ಸಣ್ಣ ಕಪ್ಪುಬಿಳುಪು ಟಿವಿ ಎದುರು ಒಬ್ಬನೇ ಕುಳಿತು ನೋಡಿದ್ದು. ಕೆಲಸ ಖಾಯಂ ಆಗಿರಲಿಲ್ಲ, ಊರಿಗೆ ಹಿಂತಿರುಗುವ ಯೋಚನೆಯಲ್ಲಿದ್ದೆ. ಆ ರಾತ್ರಿಯಿಂದ ನಾನು ಈ ತಂಡದವನು. ಸೋಲುವುದನ್ನು ನಾನು ಬಹಳ ನೋಡಿದ್ದೇನೆ. 2007ರಲ್ಲಿ 17 ಪಂದ್ಯ ಉಳಿದಿದ್ದಾಗ ಏಳು ಪಂದ್ಯದ ಮುನ್ನಡೆಯಿತ್ತು, ಅದನ್ನೂ ಕಳೆದುಕೊಂಡೆವು. ಕೊನೆಯ ದಿನ ಮಾರ್ಲಿನ್ಸ್ ಎದುರು ನಮ್ಮ ಪಿಚರ್ ಟಾಮ್ ಗ್ಲಾವಿನ್ ಒಬ್ಬನೇ ಒಬ್ಬನನ್ನು ಔಟ್ ಮಾಡುವಷ್ಟರಲ್ಲಿ ಏಳು ರನ್ ಕೊಟ್ಟರು. ಮರುವರ್ಷ ಶೇ ಸ್ಟೇಡಿಯಂನ ಕೊನೆಯ ದಿನ, ಮತ್ತೆ ಮಾರ್ಲಿನ್ಸ್, ಮತ್ತೆ ಸೋಲು. ಮೊನ್ನೆ ಭಾನುವಾರವೂ ಅವರೇ. ಕೊನೆಯ ದಿನ ಮೂರು ಸಲ ಒಂದೇ ತಂಡ ನಮ್ಮ ಬಾಗಿಲು ಹಾಕಿದೆ.

ಅದನ್ನೆಲ್ಲ ತಡೆದುಕೊಂಡಿದ್ದೇನೆ. ಆದರೆ ಹಿಂದೆ ಬಿದ್ದರೂ ಮೇಲೇಳುವ ತಂಡ ಎಂದೇ ನಾನು ಇವರನ್ನು ಹಿಡಿದದ್ದು. 70 ಸಲ ಹಿಂದೆ ಬಿದ್ದು ಒಂದು ಸಲವೂ ಏಳಲಿಲ್ಲವೆಂದರೆ, ಆ ಹುಡುಗ ನನ್ನ ಹಾಗೆ ಈ ತಂಡವನ್ನು ಹಿಡಿದುಕೊಳ್ಳಲು ಯಾವ ರಾತ್ರಿಯನ್ನು ಕೊಟ್ಟಂತಾಯಿತು?

ಏಳನೇ ರೈಲು · 30 ಸೆಪ್ಟೆಂಬರ್

ಸರ್, ಓದಿ ಸ್ವಲ್ಪ ಹೊತ್ತು ಏನೂ ತೋಚಲಿಲ್ಲ. ಒಂದು ಮಾತು ಸೇರಿಸ್ತೀನಿ. ಹುಡುಗನಿಗೆ ಆ ರಾತ್ರಿ ಸಿಕ್ಕಿದೆ, ಕಳೆದ ವರ್ಷ. 2024ರ ಅಕ್ಟೋಬರ್ 3, ಮಿಲ್ವಾಕಿಯಲ್ಲಿ, ಒಂಬತ್ತನೇ ಇನ್ನಿಂಗ್ಸ್, ಸೋತರೆ ಸೀಸನ್ ಮುಗೀತು ಅನ್ನುವಾಗ ಅಲೊನ್ಸೊ ಹೊಡೆದ ಮೂರು ರನ್ನಿನ ಹೋಮ್ ರನ್. ಅದೇ ವರ್ಷ 0-5ರಿಂದ ಶುರು ಮಾಡಿ ಡಾಡ್ಜರ್ಸ್ ಎದುರು ಲೀಗ್ ಫೈನಲ್‌ವರೆಗೆ ಹೋದ್ವಿ. ಈ ವರ್ಷದ ತಂಡ ಅದಕ್ಕಿಂತ ದುಬಾರಿ. ಕಾಗದದ ಮೇಲೆ ಅದಕ್ಕಿಂತ ಬಲವಾಗಿಯೂ ಇತ್ತು.

ಎಡಿಸನ್ ಅಮ್ಮ · 30 ಸೆಪ್ಟೆಂಬರ್

ಹೌದು! ಆ ರಾತ್ರಿ ಇಬ್ಬರೂ ಎಚ್ಚರ ಇದ್ವಿ. ಅಲ್ಲಿಂದಲೇ 20ನೇ ನಂಬರ್ ಅಂಗಿ ಬೇಕು ಅಂತ ಹಟ ಹಿಡಿದಿದ್ದು. ಆಗಸ್ಟ್‌ನಲ್ಲಿ ಅಲೊನ್ಸೊ ಹಳೇ ಆಟಗಾರ ಡ್ಯಾರಿಲ್ ಸ್ಟ್ರಾಬೆರಿಯ 252 ಹೋಮ್ ರನ್‌ನ ಮೆಟ್ಸ್ ದಾಖಲೆ ಮುರಿದಾಗ ಪಾಯಸ ಮಾಡಿಸಿದ.

ಚಿನ್ನಸ್ವಾಮಿ ಸ್ಟ್ಯಾಂಡ್ · 1 ಅಕ್ಟೋಬರ್

ಅಮ್ಮ, ನಿಮ್ಮ ಮಗನಿಗೆ ಬೆಂಗಳೂರಿಂದ ಒಂದು ಮಾತು. ಜೂನ್ 3ರ ರಾತ್ರಿ ಅಹಮದಾಬಾದ್‌ನಲ್ಲಿ ಕೊನೇ ಓವರ್ ಮುಗಿಯೋ ಮುಂಚೆನೇ ಕೊಹ್ಲಿ ಕಣ್ಣಲ್ಲಿ ನೀರು. ಪಂಜಾಬ್ ಎದುರು ಆರೇ ಆರು ರನ್ನಿನ ಗೆಲುವು. ನಾನೂ ಅತ್ತೆ, ನನ್ನ ಅಪ್ಪನೂ ಅತ್ತರು. ಮರುದಿನ ನಮ್ಮೂರಲ್ಲಿ ಕಾಲ್ತುಳಿತದಲ್ಲಿ 11 ಜನ ಹೋದರು, ಅದಕ್ಕೇ ಆ ಕಪ್ ಬಗ್ಗೆ ನಾನು ಜೋರಾಗಿ ಮಾತಾಡಲ್ಲ. ಆದರೆ ಒಂದು ಕಂಡಿದ್ದೀನಿ: ಕೊಹ್ಲಿ 2008ರಿಂದ ಒಂದೇ ತಂಡದಲ್ಲಿ ಇದ್ದದ್ದಕ್ಕೇ ಆ ರಾತ್ರಿಗೆ ಅಷ್ಟು ತೂಕ ಬಂತು. ನಿಮ್ಮ ಅಲೊನ್ಸೊನನ್ನು ಬಿಟ್ಟುಕೊಡಬೇಡಿ ಅಂತ ಅವರಿಗೆ ಯಾರಾದರೂ ಹೇಳಿ.

ಲಾಂಗ್ ಐಲ್ಯಾಂಡ್ ದಾರಿ · 24 ನವೆಂಬರ್

ಈ ಚರ್ಚೆಯನ್ನು ಮತ್ತೆ ಎಬ್ಬಿಸ್ತಿದ್ದೀನಿ. ನಮ್ಮ ಆಟಗಾರ ಬ್ರ್ಯಾಂಡನ್ ನಿಮ್ಮೊ ಟೆಕ್ಸಾಸ್‌ಗೆ ಹೋದ, ಬದಲಿಗೆ ಮಾರ್ಕಸ್ ಸೀಮಿಯನ್ ಬರ್ತಾನೆ. ನಿಮ್ಮೊನನ್ನು 2011ರಲ್ಲಿ ಹುಡುಗನಾಗಿದ್ದಾಗಲೇ ತಂದು ಬೆಳೆಸಿದ್ದು. ಮಾಲೀಕನ ಪರ ಮಾತಾಡಿದವನು ನಾನೇ. ಕೊಹೆನ್ ತಂಡ ಕೊಂಡಾಗ, 2020ರ ನವೆಂಬರ್‌ನಲ್ಲಿ, ಮೂರರಿಂದ ಐದು ವರ್ಷದೊಳಗೆ ವರ್ಲ್ಡ್ ಸೀರೀಸ್ ಗೆಲ್ಲದಿದ್ದರೆ ನಿರಾಸೆ ಅಂತ ಹೇಳಿದ್ದರು. ಈ ತಿಂಗಳಿಗೆ ಐದು ತುಂಬಿತು. ಇವತ್ತು ನನಗೂ ಬೇಜಾರಾಗಿದೆ.

ಪಿಚ್ ಲೆಕ್ಕ · 10 ಡಿಸೆಂಬರ್

ಡಿಯಾಸ್ ಡಾಡ್ಜರ್ಸ್‌ಗೆ, ಮೂರು ವರ್ಷ, 6.9 ಕೋಟಿ. ಅಲೊನ್ಸೊ ಬಾಲ್ಟಿಮೋರ್‌ಗೆ, ಐದು ವರ್ಷ, 15.5 ಕೋಟಿ. ಎರಡು ದಿನದಲ್ಲಿ ಎರಡೂ.

ಲೆಕ್ಕ ನೋಡುವವನಾಗಿ ಸ್ಟರ್ನ್ಸ್ ವಾದ ನನಗೆ ಅರ್ಥ ಆಗುತ್ತೆ. ಎದುರಾಳಿ ರನ್ ತಡೆಯೋ ತಂಡ ಕಟ್ಟಬೇಕು, ಮೊದಲ ಬೇಸ್‌ನಲ್ಲಿ ಅಲೊನ್ಸೊ ಫೀಲ್ಡಿಂಗ್ ಅಷ್ಟಕ್ಕಷ್ಟೇ, ವಯಸ್ಸು 31. ಸರಿ. ಆದರೆ ಈ ಲೆಕ್ಕದಲ್ಲಿ ಒಂದು ಸಾಲು ಬಿಟ್ಟುಹೋಗಿದೆ ಅಂತ ನನ್ನ ನಂಬಿಕೆ. ಎರಡು ವರ್ಷ ಒಂದು ಪಂದ್ಯವನ್ನೂ ತಪ್ಪಿಸದೆ ಆಡಿದವನು, ನಮ್ಮ ಬಣ್ಣದಲ್ಲಿ 264 ಹೋಮ್ ರನ್ ಹೊಡೆದವನು ಹೋದಾಗ, ಸಿಗುವ ದುಡ್ಡಿನಲ್ಲಿ ಇಬ್ಬರು ಗಟ್ಟಿ ಪಿಚರ್‌ಗಳು ಬರಲೇಬೇಕು. ಹೊಸ ಪಿಚರ್ ಮೆಕ್ಲೀನ್ ಥರದ ಹುಡುಗರು ಇದ್ದಾರೆ, ಬಂದ ಎರಡೇ ತಿಂಗಳಲ್ಲಿ ಆಸೆ ಹುಟ್ಟಿಸಿದ್ದಾನೆ. ಆದರೆ ಅವನ ಹೆಗಲ ಮೇಲೇ ಎಲ್ಲ ಹೇರಬಾರದು.

ಎಡಿಸನ್ ಅಮ್ಮ · 10 ಡಿಸೆಂಬರ್, ರಾತ್ರಿ

ಸ್ಕೂಲಿಂದ ಬರೋ ಹೊತ್ತಿಗೇ ಅವನಿಗೆ ಗೊತ್ತಾಗಿತ್ತು. ಅಳಲಿಲ್ಲ. ಅಂಗಿ ಮಡಚಿ ಕಪಾಟಿನ ಕೆಳಗಿನ ತಟ್ಟೆಯಲ್ಲಿ ಇಟ್ಟ. ಆಮೇಲೆ ಕೇಳ್ತಾನೆ, ಅಲೊನ್ಸೊ ಬಾಲ್ಟಿಮೋರ್‌ನಲ್ಲೂ 20 ಹಾಕ್ತಾನಾ, ಹಾಗಾದರೆ ಈ ಅಂಗಿ ಹಾಕ್ಕೊಂಡರೆ ನಾನು ಬಾಲ್ಟಿಮೋರ್ ಕಡೆಯವನು ಅಂದುಕೊಳ್ತಾರಾ ಅಂತ. ಏನು ಹೇಳಲಿ?

ಶೇ ಕಾಲದವರು · 11 ಡಿಸೆಂಬರ್, ಬೆಳಿಗ್ಗೆ

ತಾಯಿ, ಆತನಿಗೆ ಅಲ್ಲಿ 20 ಸಿಗುವುದಿಲ್ಲ. ಬಾಲ್ಟಿಮೋರ್‌ನಲ್ಲಿ ಅದು ಫ್ರ್ಯಾಂಕ್ ರಾಬಿನ್ಸನ್ ಅವರ ಸಂಖ್ಯೆ. ಎಷ್ಟೋ ವರ್ಷಗಳ ಹಿಂದೆಯೇ ಅವರ ಗೌರವಕ್ಕೆ ಎತ್ತಿಟ್ಟಿದ್ದಾರೆ, ಇನ್ನು ಯಾರಿಗೂ ಕೊಡುವುದಿಲ್ಲ. ಅಲೊನ್ಸೊ ಹೆಸರಿನ 20ರ ಅಂಗಿ ನಮ್ಮದು ಮಾತ್ರ. ಹಾಕಿಕೊಳ್ಳಲು ಹೇಳಿ.